ಕೈಯಾಚೆಯ ಸ್ವರ

ಇರ್ಮಿನಕ್ಕನ ಗಂಟಲು ಕೈಕೊಟ್ಟದ್ದು ಸರಿಯಾಗಿ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ. ಅದಕ್ಕೆ ಬೇರೆ ಹೊತ್ತೇ ಸಿಗಲಿಲ್ಲವೇ ಎಂದು ಮಠದ ಸನ್ಯಾಸಿನಿಯರೆಲ್ಲ ಒಳಗೊಳಗೇ ಬೈದುಕೊಂಡರು. ಮೊದಲು ಜ್ವರ ಬಂತು, ಜ್ವರ ಗಂಟಲಿಗಿಳಿಯಿತು, ಕೊನೆಗೆ ಬಿಟ್ಟು ಹೋಗುವಾಗ ಬರಿಗೈಯಲ್ಲಿ ಹೋಗದೆ ಅವಳ ದನಿಯನ್ನೂ ಕಟ್ಟಿಕೊಂಡು ಹೋಯಿತು. ಜೆರುಸಲೇಮಿಗೆ ಕ್ರೈಸ್ತರ ಮೊದಲ ದಂಡು ಹೊರಟ ವರ್ಷ ಹುಟ್ಟಿದವಳು ಅವಳು. ಅವಳ ಹಾಡು ಕಿವಿಗೆ ಬಿದ್ದರೆ ಮೋಸೆಲ್ ನದಿಯ ದೋಣಿಯವರು ಹುಟ್ಟು ಎತ್ತಿಟ್ಟು ಸುಮ್ಮನೆ ಕೂರುತ್ತಿದ್ದ ಕಾಲವೊಂದಿತ್ತು. ಈಗ ಆ ಗಂಟಲಿನಿಂದ ಒಣಗಿದ ಎಲೆ ಉಜ್ಜಿದಂಥ ಪಿಸುಮಾತು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ.

ಬೇರೆ ಯಾರ ದನಿ ಹೋಗಿದ್ದರೂ ಅಯ್ಯೋ ಪಾಪ ಎಂದು ಜೇನು ಕುಡಿಸಿ ಸುಮ್ಮನಾಗಬಹುದಿತ್ತು. ಇರ್ಮಿನಕ್ಕನ ವಿಷಯ ಹಾಗಲ್ಲ. ಅಲ್ದೆಗಾಳ ಹಾಡು ಇದ್ದದ್ದು ಇಡೀ ಭೂಮಿಯ ಮೇಲೆ ಅವಳೊಬ್ಬಳ ತಲೆಯಲ್ಲಿ.

ಅಲ್ದೆಗಾ ಎಂದರೆ ಆ ಮಠವನ್ನು ಕಟ್ಟಿದ ಸಂತಳು, ದೋಣಿ ನಡೆಸಿ ಬದುಕಿದ ವಿಧವೆ. ಅವಳ ಮೂಳೆಗಳು ಇಗರ್ಜಿಯ ಕೆಳಗಿನ ನೆಲಮಾಳಿಗೆಯಲ್ಲಿದ್ದವು, ಪಕ್ಕದಲ್ಲೇ ಅವಳ ದೋಣಿಯ ಗಂಟೆ ತೂಗುತ್ತಿತ್ತು. ವರ್ಷಕ್ಕೊಮ್ಮೆ, ದ್ರಾಕ್ಷಿ ಕೊಯ್ಲಿನ ಬೆನ್ನಿಗೇ ಬರುವ ಅವಳ ಹಬ್ಬದ ದಿನ ಬೆಳಕು ಹರಿಯುವಾಗ, ಮಠದ ಹಿರಿಯ ಹಾಡುಗಾರ್ತಿ ದೀಪ ಹಿಡಿದು ಒಬ್ಬಳೇ ಕೆಳಗಿಳಿಯಬೇಕು; ಗಂಟೆಯನ್ನೊಮ್ಮೆ ಬಡಿದು, ಆ ದನಿಗೆ ತನ್ನ ದನಿ ಹೊಂದಿಸಿಕೊಂಡು, ಹಾಡಿ ಸಂತಳನ್ನು ಎಬ್ಬಿಸಬೇಕು. ಉಳಿದವರು ಓಕ್ ಮರದ ದಪ್ಪ ಬಾಗಿಲಿನಾಚೆ ಕಾಯಬೇಕು. ನದಿ ದಾಟುವ ದೋಣಿಯ ಮೇಲಿನ ಆ ಹಾಡಿನ ಮಾತುಗಳು ಪುಸ್ತಕದಲ್ಲಿದ್ದವು, ಎಲ್ಲರಿಗೂ ಬಾಯಿಪಾಠವಾಗಿದ್ದವು. ಧಾಟಿಯನ್ನು ಮಾತ್ರ ಚರ್ಮದ ಹಾಳೆಯ ಮೇಲೆ ಬರೆಯಕೂಡದೆಂದು ಅಲ್ದೆಗಾ ಕಟ್ಟಪ್ಪಣೆ ಮಾಡಿ ಸತ್ತಿದ್ದಳಂತೆ. ಅದು ಬಾಯಿಂದ ಕಿವಿಗೆ ಇಳಿಯಬೇಕು. ಹಾಗೆ ಇಳಿದಿಳಿದು ಬೆನಿಗ್ನಾ ಎಂಬ ಮುದುಕಿಯ ತನಕ ಬಂದಿತ್ತು, ಬೆನಿಗ್ನಾ ಅದನ್ನು ಆ ನೆಲಮಾಳಿಗೆಯಲ್ಲೇ ಇರ್ಮಿನಕ್ಕನಿಗೆ ಕೊಟ್ಟು ಕಣ್ಣುಮುಚ್ಚಿದ್ದಳು. ಇರ್ಮಿನಕ್ಕ ಯಾರಿಗೂ ಕೊಟ್ಟಿರಲಿಲ್ಲ.

ಕೇಳಿದವರಿಗೆಲ್ಲ ಇನ್ನೊಂದು ವರ್ಷ ನೋಡೋಣ ಎನ್ನುತ್ತಿದ್ದಳು. ನಿಜವಾದ ಕಾರಣ ಅವಳೊಬ್ಬಳಿಗೇ ಗೊತ್ತು. ಆ ಹಾಡಿನಲ್ಲಿ ಒಂದು ಜಾಗವಿದೆ, ಹಾಡು ಮೇಲೆ ಮೇಲೆ ಹತ್ತಿ ಇನ್ನು ಸಾಧ್ಯವಿಲ್ಲ ಎನ್ನುವಲ್ಲಿಗೆ ಬರುತ್ತದೆ. ಅಲ್ಲಿ ಸಂತಳು ಓಗೊಡುತ್ತಾಳೆ. ಬೆನಿಗ್ನಾ ಹೇಳಿಕೊಟ್ಟದ್ದು ಹಾಗೆ, ತಾನು ಪ್ರತಿ ವರ್ಷ ಮೈಯೆಲ್ಲ ಜುಮ್ಮೆಂದು ಅನುಭವಿಸಿದ್ದೂ ಹಾಗೆ. ಅದನ್ನು ಇನ್ನೊಬ್ಬಳ ಮಡಿಲಿಗೆ ಹಾಕಿ ತಾನು ಬಾಗಿಲಿನಾಚೆ ನಿಲ್ಲುವುದೆಂದರೆ ಅವಳಿಂದಾಗದ ಮಾತು. ಹೀಗೆ ಆಸೆಬುರುಕಿಯ ಹಾಗೆ ಹಿಡಿದಿಟ್ಟುಕೊಂಡದ್ದಕ್ಕೆ ಈಗ ಹಬ್ಬ ಎದುರಿಗೆ ಬಂದು ನಿಂತಿತ್ತು, ಗಂಟಲಿರಲಿಲ್ಲ.

ಮಠದೊಡತಿ ಗೆರ್ಬರ್ಗಮ್ಮ ಎಲ್ಲರನ್ನೂ ಊಟದ ಮನೆಯಲ್ಲಿ ಸೇರಿಸಿ, ಬಾಗಿಲಿನಾಚೆಯಿಂದ ಕೇಳಿಸಿದ್ದರಲ್ಲಿ ಯಾರಿಗೆ ಏನು ನೆನಪಿದೆಯೋ ಮಾತಿಲ್ಲದೆ ಹಾಡಿ ಎಂದಳು. ಒಬ್ಬಳು ಹಾಡಿದ್ದು ಈಸ್ಟರಿನ ಹಾಡಿನ ಹಾಗಿತ್ತು. ಇನ್ನೊಬ್ಬಳದ್ದು ಅವಳ ಊರಿನ ತೊಟ್ಟಿಲ ಹಾಡೇ. ಅಡುಗೆಮನೆ ನೋಡಿಕೊಳ್ಳುವ ದಪ್ಪ ಹಜೆಕಾ ತಾನೂ ಎದ್ದು ನಾಲ್ಕು ಸಾಲು ಎಳೆದಳು.

"ಸಾಕು ಕೂತ್ಕೊಳೆ ಹಜೆಕಾ," ಎಂದಳು ಗೆರ್ಬರ್ಗಮ್ಮ. "ಸಂತಮ್ಮ ಎದ್ದು ಓಡಿಹೋದಾಳು."

"ನಾನು ಹಾಡಿದ್ರೆ ನಮ್ಮ ಹಂದಿಗಳಾದ್ರೂ ಏಳ್ತವೆ, ಅಮ್ಮಾವ್ರೆ," ಎಂದು ಹಜೆಕಾ ಕೂತಳು. "ಇರ್ಮಿನಕ್ಕ, ಒಂದು ಪೀಪಿ ತರಿಸ್ಲಾ? ಅದರಲ್ಲಿ ಊದಿ ತೋರಿಸಿಬಿಡಿ."

ಇರ್ಮಿನಕ್ಕ ಕೈಯಾಡಿಸಿ ಬೇಡವೆಂದಳು. ಊದುವುದಕ್ಕೂ ಉಸಿರು ಬೇಕಲ್ಲ, ಜ್ವರ ಅದನ್ನೂ ಉಳಿಸಿರಲಿಲ್ಲ. ತನ್ನಿಂದಾಗಿ ಒಂದು ಹಾಡು ಸಾಯುತ್ತಿದೆ ಎಂಬ ನಾಚಿಕೆ ಅವಳ ಎದೆಯ ಮೇಲೆ ಕೂತಿತ್ತು.

ಆಗ ಮೂಲೆಯಿಂದ ಎದ್ದವಳು ರೆಲಿಂದಾ. ಕಳೆದ ವರ್ಷದ ಹಬ್ಬ ಮುಗಿದ ಮೇಲೆ ಆಲ್ಸಾಸ್ ಕಡೆಯ ಮಠವೊಂದರಿಂದ ಬಂದು ಇನ್ನೂ ಹೊಸಬಳೆನಿಸಿಕೊಂಡವಳು, ಗಟ್ಟಿ ದನಿಯವಳು. ಅವರ ಕಡೆ ಹಾಡು ಕಲಿಸುವುದು ಅಂಗೈ ನೋಡಿಕೊಂಡು. ಎಡಗೈಯ ಒಂದೊಂದು ಗೆಣ್ಣೂ ಒಂದೊಂದು ಸ್ವರದ ಮನೆ. ಗುರು ಬಲಗೈ ಬೆರಳಿನಿಂದ ಯಾವ ಗೆಣ್ಣು ಮುಟ್ಟುತ್ತಾಳೋ ಆ ಸ್ವರವನ್ನು ಹಾಡಬೇಕು. ಅವಳು ಬಂದ ಹೊಸದರಲ್ಲಿ ಇದನ್ನು ನೋಡಿ ಎಲ್ಲರ ಮುಂದೆ ಗೇಲಿ ಮಾಡಿದವಳು ಬೇರೆ ಯಾರೂ ಅಲ್ಲ, ಇರ್ಮಿನಕ್ಕನೇ. ಹಾಡೆಂದರೆ ಬೆರಳಲ್ಲಿ ಎಣಿಸೋ ಬಟಾಣಿಯೇನೇ ಎಂದು ಕೇಳಿದ್ದಳು. ಹುಡುಗಿ ಅಂದು ಕೆಂಪಾಗಿ ಕೈಯನ್ನು ನಿಲುವಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡಿದ್ದಳು.

"ಅಕ್ಕನಿಗೆ ಹಾಡೋಕಾಗಲ್ಲ, ಸರಿ," ಎಂದಳು ರೆಲಿಂದಾ. "ತೋರಿಸೋಕಾಗುತ್ತಲ್ಲ. ಅವರು ಮುಟ್ಲಿ, ನಾನು ಹಾಡ್ತೀನಿ. ಬರಿಯೋದೇನೂ ಇಲ್ಲ."

"ಕೈ ಮೇಲಿರೋದೂ ಚರ್ಮಾನೇ ತಾನೆ," ಎಂದು ಹಜೆಕಾ ಗೊಣಗಿದಳು.

"ನೀನು ಸುಮ್ನಿರು," ಎಂದ ಗೆರ್ಬರ್ಗಮ್ಮ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು. "ಆ ಹಾಡು ನೆಲಮಾಳಿಗೆಯಲ್ಲೇ ಆಗ್ಬೇಕು, ಆದ್ರೆ ಮಾತು ಸೇರಿಸದೆ ಬರೀ ಸ್ವರ ಹಾಡಿದ್ರೆ ಅದು ಅಲ್ದೆಗಾ ಹಾಡಲ್ಲ, ಅಭ್ಯಾಸ. ಅಭ್ಯಾಸ ಎಲ್ಲಿ ಬೇಕಾದ್ರೂ ಮಾಡಬಹುದು. ಏನಂತೀಯಾ ಇರ್ಮಿನಾ?"

ಇರ್ಮಿನಕ್ಕ ಏನನ್ನುತ್ತಾಳೆ, ಮುಳುಗುವವಳಿಗೆ ಯಾವ ಹಗ್ಗವಾದರೇನು. ತಲೆಯಾಡಿಸಿದಳು.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ಔಷಧಿ ಗಿಡಗಳ ತೋಟದ ಕಲ್ಲಿನ ಮೇಲೆ ಕೂತರು. ಆಚೆ ಗುಡ್ಡದ ಮೇಲೆ ಕೊಯ್ಲಿನವರ ಕೂಗಾಟ. ರೆಲಿಂದಾ ಮುದುಕಿಯ ಎಡಗೈ ಹಿಡಿದು ದಾರಿ ತೋರಿಸಿದಳು. ಹೆಬ್ಬೆರಳಿನ ತುದಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ. ಅಲ್ಲಿಂದ ಹೆಬ್ಬೆರಳಿಳಿದು, ಬೆರಳುಗಳ ಬುಡ ಹಾದು, ಕಿರುಬೆರಳು ಹತ್ತಿ, ತುದಿಗಳ ಮೇಲೆ ನಡೆದು, ತೋರುಬೆರಳಿಳಿದು, ಬಸವನಹುಳುವಿನ ಚಿಪ್ಪಿನ ಹಾಗೆ ಒಳಸುತ್ತು ಸುತ್ತಿ ನಡುಬೆರಳಿನ ಮೇಲಿನ ಗೆಣ್ಣಿಗೆ ಬಂದರೆ ಅದೇ ಎಲ್ಲಕ್ಕಿಂತ ಮೇಲಿನದು. ಒಂದೊಂದನ್ನೂ ಮುಟ್ಟುತ್ತ ಹಾಡಿ ತೋರಿಸಿದಳು.

"ಗೊತ್ತಾಯ್ತಾ ಅಕ್ಕ?"

"ನಾನೇನು ಹಸುಗೂಸಾ," ಎಂದು ಇರ್ಮಿನಕ್ಕ ಪಿಸುಗುಟ್ಟಿದಳು. ಗೊತ್ತಾಗಿರಲಿಲ್ಲ. ಇನ್ನೂ ನಾಲ್ಕಾರು ಸಲ ಹೇಳಿಸಿಕೊಂಡಳು.

ಆಮೇಲೆ ಪರೀಕ್ಷೆಗೆಂದು, ದಿನಾ ಹಾಡುವ ಒಂದು ಸಣ್ಣ ಪ್ರಾರ್ಥನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವುದೆಂದು ಹೇಳದೆ, ಬೆರಳಿಡುತ್ತ ಹೋದಳು. ಉಂಗುರದ ಬೆರಳಿನ ಬುಡ, ಕಿರುಬೆರಳಿನ ಬುಡ, ಮತ್ತೆ ಉಂಗುರದ ಬೆರಳು. ರೆಲಿಂದಾಳ ಬಾಯಿಂದ ಆ ಪ್ರಾರ್ಥನೆ ಹೊರಬಂತು. ಇರ್ಮಿನಕ್ಕನ ಬೆರಳು ನಿಂತುಬಿಟ್ಟಿತು. ಅವಳಿಗೆ ಮೊದಲು ಆದದ್ದು ಹೆದರಿಕೆ. ತನ್ನ ತಲೆಯೊಳಗೆ ಯಾರಿಗೂ ಕೇಳಿಸದ ಹಾಗೆ ಓಡುತ್ತಿದ್ದದ್ದು ಮಾರು ದೂರದಲ್ಲಿ ಕೂತ ಇನ್ನೊಬ್ಬಳ ಗಂಟಲಿನಿಂದ ಹಾಗೆಹಾಗೇ ಹೊರಡುವುದೆಂದರೇನು. ಬೆರಳನ್ನು ತಡೆದು ಇಟ್ಟರೆ ದನಿ ತಡೆಯುತ್ತದೆ, ಬೇಗ ಇಟ್ಟರೆ ಬೇಗ ಬರುತ್ತದೆ, ಮೆಲ್ಲಗೆ ಸವರಿದರೆ ಮೆಲ್ಲಗಾಗುತ್ತದೆ. ಜ್ವರ ಹೊತ್ತುಕೊಂಡು ಹೋದದ್ದು ಅಂಗೈಯಲ್ಲಿ ಸಿಕ್ಕಿದ ಹಾಗಾಯಿತು. ಕಣ್ಣು ತುಂಬಿಕೊಂಡು, ನಾಚಿಕೆ ಬಿಟ್ಟು, ನೆನಪಿಗೆ ಬಂದ ಹಾಡನ್ನೆಲ್ಲ ಹುಡುಗಿಯ ಕೈಲಿ ಹಾಡಿಸುತ್ತಲೇ ಹೋದಳು. ಮಧ್ಯಾಹ್ನದ ಊಟದ ಗಂಟೆ ಹೊಡೆದದ್ದು ಇಬ್ಬರಿಗೂ ತಿಳಿಯಲಿಲ್ಲ.

"ಅಕ್ಕ, ನನ್ನ ಗಂಟಲೂ ಹೋಗುತ್ತೆ ಇನ್ನು," ಎಂದು ರೆಲಿಂದಾ ನಕ್ಕಳು.

"ಅವತ್ತು ಬಟಾಣಿ ಅಂದೆ," ಎಂದಳು ಇರ್ಮಿನಕ್ಕ. "ಹೊಟ್ಟೆಗೆ ಹಾಕ್ಕೊ."

ಅಲ್ದೆಗಾಳ ಹಾಡನ್ನು ಆಮೇಲೆ ತುಂಡು ತುಂಡಾಗಿ ಇಳಿಸತೊಡಗಿದರು. ತಾನು ಎಂದೂ ಕೇಳದ ಹಾಡು ತನ್ನ ಬಾಯಿಂದಲೇ ಹುಟ್ಟುತ್ತಿರುವುದನ್ನು ಕೇಳಿ ರೆಲಿಂದಾ ನಡುನಡುವೆ ಸುಮ್ಮನೆ ಮುದುಕಿಯ ಮುಖ ನೋಡುತ್ತಿದ್ದಳು. ಇದನ್ನು ಯಾರು ಕಟ್ಟಿದರಕ್ಕ ಎಂದರೆ ಇರ್ಮಿನಕ್ಕ ಭುಜ ಕುಣಿಸುತ್ತಿದ್ದಳು. ತಳದಲ್ಲಿ ನದಿಯ ಹಾಗೆ ಹರಡಿಕೊಂಡು ಶುರುವಾಗುವ ಹಾಡು, ದೋಣಿ ದಡ ಬಿಟ್ಟ ಮೇಲೆ ಏರತೊಡಗುತ್ತದೆ. ಹಬ್ಬಕ್ಕೆ ಇನ್ನೇನು ಒಂದು ವಾರ ಉಳಿದಿದೆ ಎನ್ನುವಾಗ ಇಬ್ಬರೂ ಆ ಜಾಗಕ್ಕೆ ಬಂದು ಮುಟ್ಟಿದರು.

ಇರ್ಮಿನಕ್ಕನ ಬೆರಳು ನಡುಬೆರಳಿನ ಮೇಲಿನ ಗೆಣ್ಣು ಮುಟ್ಟಿತು. ರೆಲಿಂದಾ ಚೆನ್ನಾಗಿ ಹಿಡಿದಳು. ಬೆರಳು ಅಲ್ಲಿ ನಿಲ್ಲದೆ ಉಗುರು ದಾಟಿ ಬರಿ ಗಾಳಿಗೆ ಹೋಯಿತು. ರೆಲಿಂದಾ ಹಾಡು ನಿಲ್ಲಿಸಿದಳು.

"ಇನ್ನೂ ಮೇಲೆ," ಎಂದು ಮುದುಕಿ ಪಿಸುಗುಟ್ಟಿದಳು.

"ಮೇಲೆ ಎಲ್ಲಿ ಅಕ್ಕ? ಕೈ ಇಲ್ಲಿಗೆ ಮುಗೀತು."

"ಹಾಡು ಮುಗಿದಿಲ್ಲ."

"ಇರೋದೇ ಇಷ್ಟು ಸ್ವರ. ನಮ್ಮ ಗುರುಗಳು ಹೇಳೋರು, ದೇವರು ಕೈ ಮಾಡಿದಾಗಲೇ ಲೆಕ್ಕ ಮಾಡಿ ಮಾಡಿದ್ದು ಅಂತ. ಕೈಯಲ್ಲಿಲ್ಲದ್ದನ್ನ ನಾನು ಎಲ್ಲಿ ಅಂತ ಹುಡುಕ್ಲಿ?"

"ಹುಡುಕು."

ರೆಲಿಂದಾ ಪ್ರಯತ್ನಿಸಿದಳು. ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟವರ ಹಾಗೆ ದನಿ ಮುಗ್ಗರಿಸಿತು, ಒಡೆಯಿತು. ಮತ್ತೊಮ್ಮೆ ಮಾಡಿದಳು, ಇನ್ನೂ ಕೆಟ್ಟಿತು. ಮೂಲಿಕೆ ಕೊಯ್ಯುತ್ತಿದ್ದವರು ತಿರುಗಿ ನೋಡಿದರು. ಹುಡುಗಿ ಕೆಮ್ಮಿ, ಬಹಳ ಮರ್ಯಾದೆಯಿಂದ, ಆಡಬಾರದ ಮಾತನ್ನು ಆಡಿದಳು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಅದು ನೀವೇ ಸೇರಿಸಿದ್ದೇನೋ. ನಿಮ್ಮ ದನಿ ಅಂಥದ್ದಿತ್ತಲ್ಲ, ಹಾಡ್ತಾ ಹಾಡ್ತಾ ಮೇಲಕ್ಕೆ ಹೋಗಿರುತ್ತೆ. ಯಾರಿಗಾದ್ರೂ ಆಗುತ್ತೆ."

ಇರ್ಮಿನಕ್ಕನ ಮೈಮೇಲೆ ತಣ್ಣೀರು ಸುರಿದ ಹಾಗಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದ್ದು ನೆಟ್ಟಗೆ ಅಡುಗೆಮನೆಗೆ ಹೋದಳು. ಹಜೆಕಾ ಈರುಳ್ಳಿ ಸೊಪ್ಪಿನ ಸಾರಿಗೆ ರೈ ಹಿಟ್ಟಿನ ರೊಟ್ಟಿ ಮುರಿದು ಹಾಕಿ ಮುಂದಿಟ್ಟಳು.

"ಹಜೆಕಾ, ನಿಜ ಹೇಳು. ಬಾಗಿಲಾಚೆ ನಿಂತಾಗ, ಕೊನೆಕೊನೆಗೆ, ಎರಡು ದನಿ ಕೇಳಿಸ್ತಿತ್ತಾ?"

"ಎರಡೇನು ಹತ್ತು ಕೇಳಿಸೋದು," ಎಂದಳು ಹಜೆಕಾ. "ಎಲ್ಲ ಹಿಂದೆ ನಿಂತವರ ಕೆಮ್ಮು. ಆ ಬಾಗಿಲು ಎಷ್ಟು ದಪ್ಪ ಅಕ್ಕ, ಪ್ರಳಯ ಆದ್ರೂ ನಮಗೆ ಗೊತ್ತಾಗಲ್ಲ. ಯಾಕೆ?"

"ಏನಿಲ್ಲ," ಎಂದು ಇರ್ಮಿನಕ್ಕ ಚಮಚ ಕೆಳಗಿಟ್ಟಳು.

ಒಬ್ಬಳೇ ಹಾಡಿದ ಹಾಡಿಗೆ ಸಾಕ್ಷಿ ಯಾರು? ಬೆನಿಗ್ನಾ ಮಣ್ಣಾಗಿ ಎಷ್ಟು ಕಾಲವಾಯಿತು. ಅವಳ ಬಾಯಿಂದ ಕೇಳಿದ್ದು ಯಾವುದು, ತನ್ನ ಗಂಟಲಿನ ಸೊಕ್ಕು ಸೇರಿಸಿದ್ದು ಯಾವುದು, ಈಗ ಬೇರ್ಪಡಿಸಲು ಹೋದರೆ ಇರ್ಮಿನಕ್ಕನಿಗೆ ಆಗಲಿಲ್ಲ. ಸಂತಳು ಓಗೊಡುತ್ತಾಳೆಂದು ನಂಬಿಕೊಂಡು ಬಂದದ್ದು ತನ್ನ ಕಿವಿಯೊಳಗೆ ತನ್ನದೇ ದನಿ ಮೊರೆದದ್ದೇ? ಹಾಗಾದರೆ ಇಷ್ಟು ವರ್ಷ ಆಸೆಪಟ್ಟು ಬಚ್ಚಿಟ್ಟುಕೊಂಡದ್ದು ಏನನ್ನು? ಎರಡು ದಿನ ಅವಳು ತೋಟದ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದು ಕಲ್ಲಿನ ಮೇಲೆ ಕೂತು ಕೈ ಬಿಚ್ಚಿದಳು.

"ನಿನ್ನ ಕೈ ಎಷ್ಟಿದೆಯೋ ಅಷ್ಟೇ ಹಾಡು," ಎಂದಳು. "ಮೇಲಿನ ಗೆಣ್ಣಿಂದ ವಾಪಸ್ ತಿರುಗು. ನಾನೇ ತಪ್ಪಿರಬೇಕು."

ರೆಲಿಂದಾಳಿಗೂ ಅದು ಗೆದ್ದ ಹಾಗೆನ್ನಿಸಲಿಲ್ಲ. ಮುದುಕಿ ತೋರಿಸಿದಂತೆ ಅಲ್ಲಿಂದ ತಿರುಗಿ ಇಳಿದು ಹಾಡು ಮುಗಿಸಿದಳು. ಹಾಡು ಚೆನ್ನಾಗಿಯೇ ಇತ್ತು. ಗೆರ್ಬರ್ಗಮ್ಮ ಕೇಳಿ ಇನ್ನು ಚಿಂತೆಯಿಲ್ಲ ಎಂದಳು.

ಹಬ್ಬದ ಬೆಳಗ್ಗೆ ನದಿಯ ಮೇಲೆ ಮಂಜು ಕವಿದಿತ್ತು. ಹೊಸಬಳಿಗೆ ಹಾಡು ಒಪ್ಪಿಸುವ ವರ್ಷ ಮಾತ್ರ ಇಬ್ಬರು ಕೆಳಗಿಳಿಯಬಹುದು. ಇರ್ಮಿನಕ್ಕ ದೀಪ ಹಿಡಿದು ಮುಂದೆ, ರೆಲಿಂದಾ ಹಿಂದೆ. ಬಾಗಿಲು ಮುಚ್ಚಿಕೊಂಡಿತು. ಕೆಳಗೆ ಗಿಡ್ಡ ಕಂಬಗಳು, ಬಾಗಿದ ಕಲ್ಲಿನ ಸೂರು, ನಡುವೆ ಅಲ್ದೆಗಾಳ ಕಲ್ಲಿನ ಪೆಟ್ಟಿಗೆ. ರೆಲಿಂದಾ ಅಲ್ಲಿಗೆ ಬಂದದ್ದು ಅದೇ ಮೊದಲು, ಅವಳ ಹಲ್ಲು ಕಟಕಟ ಎನ್ನುತ್ತಿದ್ದದ್ದು ಇರ್ಮಿನಕ್ಕನಿಗೆ ಕೇಳಿಸಿತು. ದೀಪವನ್ನು ಪೆಟ್ಟಿಗೆಯ ಮೇಲಿಟ್ಟು ಇರ್ಮಿನಕ್ಕ ದೋಣಿಯ ಗಂಟೆಯನ್ನು ಒಂದು ಸಲ ಬಡಿದಳು. ಆ ದನಿ ಹಿಡಿದು ರೆಲಿಂದಾ ಮೊದಲ ಮಾತು ಎತ್ತಿದಳು.

ತೋಟದಲ್ಲಿ ಕೇಳಿದ ಹಾಡು ಇದಲ್ಲ ಎನ್ನಿಸಿತು ಇರ್ಮಿನಕ್ಕನಿಗೆ. ಅಲ್ಲಿ ಗಂಟೆಯಿರಲಿಲ್ಲ, ಹುಡುಗಿ ತನಗೆ ಸಲೀಸಾದ ಶ್ರುತಿಯಲ್ಲಿ ಶುರು ಮಾಡುತ್ತಿದ್ದಳು. ಇಲ್ಲಿ ಗಂಟೆ ಹಾಡನ್ನು ಅದರ ಸ್ವಂತ ಜಾಗದಲ್ಲಿ ತಂದು ನಿಲ್ಲಿಸಿತ್ತು. ಮುದುಕಿಯ ಬೆರಳು ದೀಪದ ಬೆಳಕಿನಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಹೋಯಿತು. ಹುಡುಗಿಯ ಕಣ್ಣು ಆ ಬೆರಳನ್ನು ಬಿಟ್ಟು ಅಲ್ಲಾಡಲಿಲ್ಲ. ದೋಣಿ ದಡ ಬಿಟ್ಟಿತು, ನಡುನೀರು ಸೇರಿತು, ಹಾಡು ಏರಿತು. ನಡುಬೆರಳಿನ ಮೇಲಿನ ಗೆಣ್ಣು ಬಂತು. ಇಲ್ಲಿಂದ ತಿರುಗಬೇಕೆಂದು ಮಾತಾಗಿತ್ತು.

ಇರ್ಮಿನಕ್ಕ ತಿರುಗಬೇಕೆಂದೇ ಇದ್ದಳು, ಸತ್ಯವಾಗಿಯೂ. ಆದರೆ ಬೆನಿಗ್ನಾ ನಿಂತು ಕಲಿಸಿದ ಕಲ್ಲು ಅವಳ ಕಾಲ ಕೆಳಗೇ ಇತ್ತು, ಅಲ್ದೆಗಾ ಮೊಳದಳತೆಯಲ್ಲಿ ಮಲಗಿದ್ದಳು. ಆ ಇಬ್ಬರ ಎದುರಿಗೆ ಸುಳ್ಳು ಹೇಳಲು ಬೆರಳು ಒಪ್ಪಲಿಲ್ಲ. ಅದು ಗೆಣ್ಣು ಬಿಟ್ಟು, ಉಗುರು ದಾಟಿ, ಗಾಳಿಯಲ್ಲಿ ಹೋಗಿ ನಿಂತಿತು.

ಇಷ್ಟು ದಿನ ಆ ಬೆರಳಿನ ಬೆನ್ನುಹತ್ತಿ ನಡೆದು ರೂಢಿಯಾಗಿದ್ದ ಗಂಟಲು ರೆಲಿಂದಾಳನ್ನು ಕೇಳಲೇ ಇಲ್ಲ. ಅದೂ ಬೆರಳಿನ ಹಿಂದೆಯೇ ಮೇಲೇರಿತು. ಇಲ್ಲದ ಮೆಟ್ಟಿಲು ಅಲ್ಲಿತ್ತು. ದನಿ ಅದರ ಮೇಲೆ ಸ್ವಚ್ಛವಾಗಿ ನಿಂತಿತು.

ನೆಲಮಾಳಿಗೆ ಎದ್ದಿತು. ಬೇರೆ ಹೇಗೆ ಹೇಳುವುದು. ಅಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ ಕಲ್ಲಿನ ಸೂರು ಆ ಒಂದು ಸ್ವರಕ್ಕೆ ಬಾಯಿಬಿಟ್ಟಿತು. ಕಂಬಗಳಿಂದ, ಗೋಡೆಯಿಂದ, ಪೆಟ್ಟಿಗೆಯಿಂದ, ಎಲ್ಲ ಕಡೆಯಿಂದ ಇನ್ನೊಂದು ದನಿ ಹೊರಟು ಹುಡುಗಿಯ ದನಿಗೆ ಹೆಗಲು ಕೊಟ್ಟಿತು. ದೀಪದ ಕುಡಿ ನಡುಗಿತು. ಯಾರೂ ಮುಟ್ಟದಿದ್ದರೂ ಗಂಟೆ ತಾನಾಗಿ ಗುಂಯ್ ಎಂದಿತು. ರೆಲಿಂದಾ ಹೆದರಿ ಬಾಯಿ ಮುಚ್ಚಿದಳು. ಅವಳು ನಿಲ್ಲಿಸಿದ ಮೇಲೂ ಆ ದನಿ ನಿಲ್ಲಲಿಲ್ಲ. ಆತುರವಿಲ್ಲದೆ ಕಲ್ಲಿನಿಂದ ಕಲ್ಲಿಗೆ ತಿರುಗಿ, ನದಿ ದಾಟಿ ಹೋದವರ ಹಾಗೆ ಮೆಲ್ಲಗೆ ದೂರವಾಯಿತು.

"ಅಕ್ಕ," ಎಂದಳು ರೆಲಿಂದಾ, ಮಾತು ಹೊರಡದೆ. "ಯಾರದು?"

ಇರ್ಮಿನಕ್ಕನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲು ಎರಡು ಕೈಗೂ ಬಿಡುವಿರಲಿಲ್ಲ. ಎಡಗೈ ಬಿಚ್ಚಿಯೇ ಇತ್ತು, ಬಲಗೈಯ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

"ಪ್ರತಿ ವರ್ಷ ಹೀಗೇನಾ?" ಎಂದು ಹುಡುಗಿ ಮತ್ತೆ ಕೇಳಿದಳು.

"ಪ್ರತಿ ವರ್ಷ," ಎಂದು ಇರ್ಮಿನಕ್ಕ ಪಿಸುಗುಟ್ಟಿದಳು. "ಆದ್ರೆ ನಾನು ಹಾಡ್ತಿದ್ದೆ ನೋಡು. ನನ್ನ ದನೀನೇ ಕಿವಿ ತುಂಬಾ ಇರೋದು. ಅವಳು ಏನಂತಾಳೆ ಅಂತ ನಾನು ಸರಿಯಾಗಿ ಕೇಳಿದ್ದು ಇವತ್ತೇ."

ಮೇಲೆ ಬಾಗಿಲಿನಾಚೆ ಯಾರೋ ಕೆಮ್ಮಿದರು. ಹಾಡು ಅರ್ಧಕ್ಕೆ ನಿಂತು ಬಹಳ ಹೊತ್ತಾಗಿತ್ತು. ಗೆರ್ಬರ್ಗಮ್ಮ ಚಡಪಡಿಸುತ್ತಿರಬೇಕು, ಹಜೆಕಾಳ ಒಲೆಯ ಮೇಲೆ ಹಬ್ಬದ ಮೀನು ಸೀಯುತ್ತಿರಬೇಕು. ಇಲ್ಲಿಂದ ಬೆರಳು ಇಳಿದು ಹಾಡು ಮುಗಿಸಬೇಕಿತ್ತು, ಸಂಪ್ರದಾಯ ಅದೇ. ಇರ್ಮಿನಕ್ಕ ಬೆರಳನ್ನು ಇಳಿಸಿ, ಮೇಲಿನ ಗೆಣ್ಣನ್ನೊಮ್ಮೆ ಮುಟ್ಟಿ, ಸಿಹಿ ಇನ್ನೊಂದು ಬೇಕೆನ್ನುವ ಮಗುವಿನ ಹಾಗೆ ಹುಡುಗಿಯ ಮುಖ ನೋಡಿ, ಮತ್ತೆ ಗಾಳಿಗೆ ಎತ್ತಿದಳು.